ಮರಾಠಿಗೆ ಎರಡು ‘ನಾವು’, ಕನ್ನಡಕ್ಕೆ ಒಂದೇ! ಮುಂಬಯಿ, ಪುಣೆ, ಗೋವಾದಲ್ಲಿ ನೀವು ಗಮನಿಸಿದ ಪದಗಳ ಅಚ್ಚರಿ ಹೇಳಿ

ಡೊಂಬಿವಲಿ ಈಸ್ಟ್:

ಮರಾಠಿ ಬಲ್ಲವರು ಈ ಎರಡು ವಾಕ್ಯ ನೋಡಿ. ‘ಆಮ್ಹೀ ಉದ್ಯಾ ಪುಣ್ಯಾಲಾ ಜಾತೋ.’ ‘ಆಪಣ್ ಉದ್ಯಾ ಪುಣ್ಯಾಲಾ ಜಾತೋ.’ ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು: ನಾವು ನಾಳೆ ಪುಣೆಗೆ ಹೋಗುತ್ತೇವೆ. ಆದರೆ ಮೊದಲನೆಯದನ್ನು ಯಾರಾದರೂ ನಿಮಗೆ ಹೇಳಿದರೆ ನೀವು ಆ ಪ್ರಯಾಣದಲ್ಲಿ ಇಲ್ಲ. ಎರಡನೆಯದಾದರೆ ನೀವೂ ಚೀಲ ಕಟ್ಟಬೇಕು!

‘ಆಮ್ಹೀ’ ಅಂದರೆ ಎದುರಿಗಿರುವವರನ್ನು ಬಿಟ್ಟು ನಾವು. ‘ಆಪಣ್’ ಅಂದರೆ ಅವರನ್ನೂ ಸೇರಿಸಿ ನಾವು. ಹಿಂದಿಯಲ್ಲಿ ‘ಹಮ್’ ಒಂದೇ. ಸಂಸ್ಕೃತದಲ್ಲೂ ಈ ಭೇದ ಇಲ್ಲ. ಹಾಗಾದರೆ ಮರಾಠಿಗೆ ಎಲ್ಲಿಂದ ಬಂತು? ಭಾಷಾ ವಿದ್ವಾಂಸರು ಬೆರಳು ತೋರಿಸುವುದು ದ್ರಾವಿಡ ಭಾಷೆಗಳ ಕಡೆಗೆ. ನನಗೆ ಅಚ್ಚರಿಯಾದದ್ದು ಅದಲ್ಲ. ಪಕ್ಕದ ಮನೆಯ ಮರಾಠಿಯಲ್ಲಿ ಈ ದ್ರಾವಿಡ ಗುಣ ಗಟ್ಟಿಯಾಗಿದೆ, ದ್ರಾವಿಡ ಭಾಷೆಯೇ ಆದ ನಮ್ಮ ಇಂದಿನ ಕನ್ನಡದಲ್ಲಿ ಇಲ್ಲ!

ನಾನು ಭಾನುವಾರ ಇಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಈ ‘ನಾವು’ ಬಂದಾಗಲೆಲ್ಲ ಮಕ್ಕಳು ‘ಯಾವ ನಾವು?’ ಎಂದು ಕೇಳುತ್ತಾರೆ. ನಿಮಗೂ ಇಂಥ ಸಂಗತಿಗಳು ಸಿಕ್ಕಿದ್ದರೆ ಇಲ್ಲಿ ಬರೆಯಿರಿ. ಪಾಠಕ್ಕೆ ಬಳಸಿಕೊಳ್ಳುವೆ.

ಚೆಂಬೂರು ತುಳುವ:

ಇದು ನಮ್ಮ ತುಳುವಿನಲ್ಲಿ ದಿನಾ ಆಡುವ ಮಾತು ಮಾರಾಯ್ರೆ! ‘ನಮ’ ಅಂದರೆ ನೀವೂ ಸೇರಿ ನಾವು. ‘ಎಂಕುಳು’ ಅಂದರೆ ನೀವು ಬಿಟ್ಟು ನಾವು. ‘ನಮ ಪೋಕ’ ಅಂದರೆ ಎಲ್ಲರೂ ಹೊರಡುವುದು. ಮನೆಯಲ್ಲಿ ತುಳು ಮಾತಾಡುವ ಮಕ್ಕಳಿಗೆ ಮರಾಠಿಯ ಆಮ್ಹೀ, ಆಪಣ್ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತಮಿಳಲ್ಲಿ ನಾಂಗಳ್ (ನೀವು ಬಿಟ್ಟು), ನಾಮ್ (ನೀವೂ ಸೇರಿ). ತೆಲುಗಲ್ಲಿ ಮೇಮು, ಮನಮು. ಮಲಯಾಳದಲ್ಲಿ ಞಙ್ಙಳ್, ನಮ್ಮಳ್. ಗುಜರಾತಿಯಲ್ಲೂ ಇದೆ: ಅಮೆ, ಆಪಣೆ. ಸುತ್ತ ಹೆಚ್ಚಿನವರ ಹತ್ತಿರ ಎರಡೆರಡು, ಕನ್ನಡದ ಹತ್ತಿರ ಒಂದೇ.

‘ಆಪಣ್’ ಬಗ್ಗೆ ಇನ್ನೊಂದು ಹೇಳಬೇಕು. ಅದಕ್ಕೆ ‘ತಾನು, ತಾವು’ ಎಂಬ ಅರ್ಥವೂ ಇದೆ. ದೊಡ್ಡವರಿಗೆ ಮರ್ಯಾದೆಯಿಂದ ‘ತಾವು’ ಎನ್ನಲೂ ಅದೇ ಪದ. ಕನ್ನಡದ ‘ತಾವು’ ಕೂಡ ಹೀಗೆಯೇ ಅಲ್ವಾ? ‘ಅವರು ತಾವೇ ಬಂದರು’ ಎಂಬಲ್ಲೂ ತಾವು, ‘ತಾವು ಬರಬೇಕು’ ಎಂಬಲ್ಲೂ ತಾವು. ಮುಂಬಯಿ ಹಿಂದಿಯಲ್ಲಿ ಇದೇ ಪದ ‘ಅಪುನ್’ ಆಗಿ ಬರೀ ‘ನಾನು’ ಎಂಬ ಅರ್ಥಕ್ಕೆ ಇಳಿದುಬಿಟ್ಟಿದೆ.

ಠಾಣೆ ಹೊಸಬಳು:

ನನಗೆ ವ್ಯಾಕರಣ ಅಷ್ಟು ಗೊತ್ತಿಲ್ಲ. ಆದರೆ ಮದುವೆಯಾಗಿ ಬಂದ ಹೊಸದರಲ್ಲಿ ಕಾಡಿದ ಪದಗಳು ಇವು. ಮರಾಠಿಯಲ್ಲಿ ‘ಖಾಲಿ ಬಸಾ’ ಅಂದರೆ ಕೆಳಗೆ ಕೂತುಕೊಳ್ಳಿ. ನಾನು ಖಾಲಿ ಸೀಟು ಹುಡುಕುತ್ತಿದ್ದೆ! ಅವರಿಗೆ ಖಾಲಿ ಅಂದರೆ ಕೆಳಗೆ, ನಮ್ಮ ಖಾಲಿಗೆ ಅವರ ಪದ ‘ರಿಕಾಮಾ’. ‘ಬಾಯಿ’ ಅಂದರೆ ಹೆಂಗಸು. ‘ಕಾಯ್’ ಅಂದರೆ ಏನು. ನಮ್ಮ ಅತ್ತೆ ತೆಂಗಿನಕಾಯಿ ಮಾರುವವನ ಹತ್ತಿರ ‘ಕಾಯಿ, ಕಾಯಿ’ ಎಂದು ತೋರಿಸಿದರೆ ಆತ ‘ಕಾಯ್?’ ಎಂದು ಅವರನ್ನೇ ತಿರುಗಿ ಕೇಳುತ್ತಿದ್ದನಂತೆ.

ಒಂದು ಪ್ರಶ್ನೆ. ಹಿಂದಿಯಲ್ಲಿ ‘ಶಿಕ್ಷಾ’ ಅಂದರೆ ಓದು. ಮರಾಠಿಯಲ್ಲಿ ಯಾಕೆ ನಮ್ಮ ಹಾಗೆ ದಂಡನೆ?

ವಿಜಯಪುರ–ಪಿಂಪ್ರಿ:

ಯಾಕಂದರೆ ಮರಾಠಿ, ಕನ್ನಡ ಎರಡೂ ಸಾವಿರ ವರ್ಷದಿಂದ ಒಂದೇ ಅಂಗಳದಲ್ಲಿ ಬೆಳೆದಿವೆ ತಂಗಿ. ನಮ್ಮ ಮನೆಯ ‘ತುಪ್ಪ’ ಅವರ ಮನೆಯಲ್ಲಿ ‘ತೂಪ್’. ಹಿಂದಿಯವರಿಗೆ ಅದು ‘ಘೀ’, ಸಂಸ್ಕೃತದ ‘ಘೃತ’ದಿಂದ ಬಂದದ್ದು. ಮರಾಠಿಯವರು ಸಂಸ್ಕೃತದ ದಾರಿ ಬಿಟ್ಟು ನಮ್ಮ ಡಬ್ಬಿಗೆ ಕೈ ಹಾಕಿದರು. ಹಳೆಯ ಪ್ರಾಕೃತದಲ್ಲೂ ‘ತುಪ್ಪ’ ಇದೆ. ಅಲ್ಲಿ ಜಿಡ್ಡು ಸವರಿದ್ದು ಎಂಬ ಅರ್ಥವೂ ಅದಕ್ಕಿದೆ. ಜೇನುತುಪ್ಪ ಎನ್ನುವಾಗ ನಾವೂ ‘ತುಪ್ಪ’ವನ್ನು ಬೆಣ್ಣೆ ಕಾಯಿಸಿದ್ದಕ್ಕಷ್ಟೇ ಇಟ್ಟುಕೊಂಡಿಲ್ಲ, ಗಮನಿಸಿ.

ಅಡಕೆ ಕತ್ತರಿಸುವ ನಮ್ಮ ಅಡಕತ್ತರಿ ಅವರಲ್ಲಿ ‘ಅಡಕಿತ್ತಾ’. ಮರಾಠಿಯಲ್ಲಿ ಅಡಕೆಗೆ ‘ಸುಪಾರಿ’ ಎನ್ನುತ್ತಾರೆ. ಅಂದರೆ ಅಡಕೆ ಎಂಬ ಪದ ಉಳಿದಿರುವುದು ಅದನ್ನು ಕತ್ತರಿಸುವ ಸಾಮಾನಿನ ಹೆಸರಲ್ಲಿ! ಅಣ್ಣಾ, ಅಕ್ಕಾ, ಅಪ್ಪಾ ಅಂತೂ ಎಲ್ಲರಿಗೂ ಗೊತ್ತು.

ಇನ್ನು ‘ಕಾನಡಾ’, ಅಂದರೆ ಮರಾಠಿಯಲ್ಲಿ ಕನ್ನಡದ, ಕನ್ನಡದವನು. ನಾನಿರುವುದು ಆಳಂದಿಗೆ ಹತ್ತಿರ. ಮರಾಠಿ ಸಂತಕವಿ ಜ್ಞಾನೇಶ್ವರರು 1296ರಲ್ಲಿ ಸಮಾಧಿಯಾದ ಜಾಗ. ಅವರ ಅಭಂಗದಲ್ಲಿ ‘ಕಾನಡಾ ಹೋ ವಿಠ್ಠಲು ಕರ್ನಾಟಕು’ ಎಂದು ಬರುತ್ತದೆ. ವಿಠ್ಠಲ ಕನ್ನಡದವನು ಎಂದು ನಾವು ಖುಷಿಪಡುತ್ತೇವೆ, ಪಡಬೇಕಾದದ್ದೇ. ಆದರೆ ಹಳೆಯ ಮರಾಠಿಯಲ್ಲಿ ‘ಕಾನಡಾ’ ಪದಕ್ಕೆ ‘ಸುಲಭವಾಗಿ ತಿಳಿಯದ, ಗೂಢವಾದ’ ಎಂಬ ಅರ್ಥವೂ ಇತ್ತು. ಪಕ್ಕದವರ ಮಾತು ಅರ್ಥವಾಗದಿದ್ದಾಗ ಅವರ ಹೆಸರೇ ‘ಅರ್ಥವಾಗದ್ದು’ ಎಂಬುದಕ್ಕೆ ಪದವಾಯಿತು. ಆ ಸಾಲಿನಲ್ಲಿ ಎರಡೂ ಅರ್ಥ ಕೇಳಿಸುತ್ತವೆ. ನಮ್ಮ ದೇವರು, ಮನಸ್ಸಿಗೆ ನಿಲುಕದ ದೇವರು. ಇಷ್ಟು ಚಂದದ ಮಾತು ಇನ್ನೊಂದಿಲ್ಲ ಅನಿಸುತ್ತದೆ ನನಗೆ.

ನನ್ನ ಪ್ರಕಾರ ಮರಾಠಿಯಲ್ಲಿ ಅರ್ಧ ನಮ್ಮದೇ.

ಡೊಂಬಿವಲಿ ಈಸ್ಟ್:

ಕಾನಡಾ ವಿಷಯ ಬಹಳ ಚೆನ್ನಾಗಿದೆ ಅಣ್ಣಾ. ಆದರೆ ‘ಅರ್ಧ ನಮ್ಮದೇ’ ಎಂಬುದನ್ನು ನಾನು ಒಪ್ಪುವುದಿಲ್ಲ. ಕೊಟ್ಟಷ್ಟೇ ತೆಗೆದುಕೊಂಡಿದ್ದೇವೆ. ‘ಕಾಳಜಿ’ ಮರಾಠಿಯಿಂದ ಬಂದದ್ದು. ಇವತ್ತು ಬೆಂಗಳೂರಿನ ಆಸ್ಪತ್ರೆಯ ಗೋಡೆ ಮೇಲೂ ಆರೋಗ್ಯದ ಕಾಳಜಿ ಎಂದೇ ಬರೆಯುತ್ತಾರೆ. ಅವರಲ್ಲಿ ‘ಕಾಳಜೀ’ಗೆ ಚಿಂತೆ ಎಂಬ ಅರ್ಥವೂ ಜೋರಾಗಿದೆ. ‘ಕಾಳಜೀ ಕರೂ ನಕೋಸ್’ ಅಂದರೆ ಚಿಂತೆ ಮಾಡಬೇಡ. ಅದನ್ನು ಕನ್ನಡಕ್ಕೆ ಹಾಗೇ ತಂದು ‘ಕಾಳಜಿ ಮಾಡಬೇಡ’ ಅಂದರೆ ಅರ್ಥವೇ ತಿರುವುಮುರುವು! ನಮ್ಮ ಧಾರವಾಡ ಕಡೆಯ ‘ಶೇಂಗಾ’ ಕೂಡ ಅವರದೇ. ಮರಾಠಿಯಲ್ಲಿ ‘ಶೇಂಗ’ ಅಂದರೆ ಒಳಗೆ ಬೀಜಗಳಿರುವ ಕೋಡು. ನುಗ್ಗೆಕಾಯಿಯೂ ಅವರಿಗೆ ಶೇಂಗವೇ.

ಠಾಣೆಯ ತಂಗಿ ಕೇಳಿದ ಶಿಕ್ಷೆಗೆ ಬರೋಣ. ಸಂಸ್ಕೃತದಲ್ಲಿ ‘ಶಿಕ್ಷಾ’ ಅಂದರೆ ಕಲಿಕೆ. ಬುದ್ಧಿ ಕಲಿಸುವುದು ಎಂಬಲ್ಲಿಂದ ದಂಡನೆಗೆ ಜಾರಿದೆ. ಹಾಗೆ ಜಾರಿದ್ದು ಕನ್ನಡ, ಮರಾಠಿ ಎರಡರಲ್ಲೂ ಒಂದೇ ಥರ. ಇಂಥ ಜೋಡಿ ಇನ್ನೂ ಇವೆ. ‘ರಾಜೀನಾಮೆ’ಯನ್ನೇ ನೋಡಿ. ಫಾರ್ಸಿಯಲ್ಲಿ ಅದು ಒಪ್ಪಿಗೆಯ ಪತ್ರ. ಹಿಂದಿ, ಉರ್ದುವಿನಲ್ಲಿ ಇಂದಿಗೂ ರಾಜಿ ಪತ್ರವೇ. ಕೆಲಸ ಬಿಡುವ ಪತ್ರವಾದದ್ದು ನಮ್ಮಲ್ಲಿ ಮತ್ತು ಮರಾಠಿಯಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಕಾದಂಬರಿ’. ಬಾಣಭಟ್ಟ ಏಳನೇ ಶತಮಾನದಲ್ಲಿ ಬರೆದ ಕಥೆಯ ನಾಯಕಿಯ ಹೆಸರು ಅದು. ಹುಡುಗಿಯ ಹೆಸರು ಪುಸ್ತಕದ ಹೆಸರಾಯಿತು. ಪುಸ್ತಕದ ಹೆಸರು ಇಡೀ ಸಾಹಿತ್ಯ ಪ್ರಕಾರದ ಹೆಸರಾಯಿತು, ಅದೂ ಕನ್ನಡ, ಮರಾಠಿಯಲ್ಲಿ. ಹಿಂದಿಯವರು ಕಾದಂಬರಿಗೆ ‘ಉಪನ್ಯಾಸ್’ ಎನ್ನುತ್ತಾರೆ. ನಮಗೆ ಉಪನ್ಯಾಸ ಅಂದರೆ ಭಾಷಣ!

ಮಡಗಾಂವ್ ನಿವಾಸಿ:

ಗೋವಾದಿಂದ ಒಂದು. ಪೋರ್ಚುಗೀಸರು ಇಲ್ಲಿನ ಕೊಂಕಣಿಗೆ ಕೊಟ್ಟ ಹೆಸರು ಏನು ಗೊತ್ತಾ? ‘ಕಾನಾರಿಂ’. ಕನ್ನಡ, ಕಾನಡಾದ ನೆಂಟ ಪದವೇ. 1640ರಲ್ಲಿ ಇಲ್ಲೇ ಸಾಸಷ್ಟಿಯ ರಾಚೋಲ್‌ನಲ್ಲಿ ‘ಕಾನಾರಿಂ ಭಾಷೆಯ ವ್ಯಾಕರಣ’ ಎಂಬ ಅರ್ಥದ ಹೆಸರಿನ ಪುಸ್ತಕ ಅಚ್ಚಾಯಿತು. ಹೆಸರು ನೋಡಿ ಕನ್ನಡ ವ್ಯಾಕರಣ ಎಂದು ತೆರೆದರೆ ಒಳಗಿರುವುದೆಲ್ಲ ಕೊಂಕಣಿ!

ಬರೆದವರು ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. 1579ರಲ್ಲಿ ಗೋವಾಕ್ಕೆ ಬಂದವರು, ಕೊನೆಯವರೆಗೂ ಇಲ್ಲೇ ಇದ್ದರು. 1619ರಲ್ಲಿ ತೀರಿಕೊಂಡರು. ಪುಸ್ತಕ ಅಚ್ಚಾದದ್ದು ಆಮೇಲೆ. ಅವರ ಇನ್ನೊಂದು ಸಂಗತಿ ಕೇಳಿ. 1583ರಲ್ಲಿ ಸೋದರನಿಗೆ ಬರೆದ ಪತ್ರದಲ್ಲಿ ಇಲ್ಲಿನ ಭಾಷೆಗಳ ರಚನೆಗೂ ಗ್ರೀಕ್, ಲ್ಯಾಟಿನ್‌ಗೂ ಹೋಲಿಕೆ ಇದೆ ಎಂದು ಅವರು ಗುರುತಿಸಿದ್ದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದು ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಹೇಳಿ ಹೆಸರಾದದ್ದು 1786ರಲ್ಲಿ. ಇನ್ನೂರು ವರ್ಷ ಮೊದಲೇ ಗೋವಾದಲ್ಲಿ ಕೂತ ಒಬ್ಬರಿಗೆ ಆ ಸುಳಿವು ಸಿಕ್ಕಿತ್ತು. ಅದು ಮನೆಗೆ ಬರೆದ ಪತ್ರವಾದ್ದರಿಂದ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಬರಹವನ್ನೂ ಇಲ್ಲಿ ಹೇಳಲೇಬೇಕು. ಚಾವುಂಡರಾಯ ಮೂರ್ತಿ ಮಾಡಿಸಿದ ಎಂಬ ಒಂದೇ ಮಾತು ಮೂರು ಭಾಷೆಯಲ್ಲಿದೆ. ಕನ್ನಡದಲ್ಲಿ ‘ಮಾಡಿಸಿದಂ’. ತಮಿಳಿನಲ್ಲೂ ಇದೆ. ಇನ್ನೊಂದು ನಾಗರಿ ಲಿಪಿಯಲ್ಲಿ: ‘ಶ್ರೀ ಚಾವುಂಡರಾಜೇಂ ಕರವಿಯಲೇಂ’. ಇದು ಮರಾಠಿಯ ಅತಿ ಹಳೆಯ ಸಾಲುಗಳಲ್ಲಿ ಒಂದು ಎಂದು ಮರಾಠಿಗರು ಹೇಳುತ್ತಾರೆ. ಗೋವಾದಲ್ಲಿ ಕೇಳಿದರೆ ಅದು ಕೊಂಕಣಿ ಎನ್ನುತ್ತಾರೆ. ಅದನ್ನು ಯಾವಾಗ ಕೆತ್ತಿದರು ಎಂಬುದರಲ್ಲೂ ಪಂಡಿತರಿಗೆ ಒಮ್ಮತ ಇಲ್ಲ. ಎರಡು ಭಾಷೆಯವರು ತಮ್ಮ ಹಳೆಯ ಸಾಲನ್ನು ಹುಡುಕಿಕೊಂಡು ಹಾಸನ ಜಿಲ್ಲೆಗೆ ಬರಬೇಕು ಎಂಬುದು ನನಗೆ ಬಹಳ ದೊಡ್ಡ ಸಂಗತಿ.

ಮಾಟುಂಗಾ ಹಳಬ:

ನಾನು ಹೋಟೆಲಲ್ಲೇ ಬೆಳೆದವನು, ಹಾಗಾಗಿ ತಿನ್ನುವುದರ ಬಗ್ಗೆ ಹೇಳುವೆ. ಮುಂಬಯಿಯ ವಡಾಪಾವ್‌ಗಿಂತ ಮರಾಠಿ ತಿಂಡಿ ಬೇರೆ ಇಲ್ಲ ಎನ್ನುತ್ತಾರೆ. ಅದರ ‘ಪಾವ್’ ಪೋರ್ಚುಗೀಸ್, ಬ್ರೆಡ್ಡಿಗೆ ಅವರ ಪದ. ಒಳಗಿನ ‘ಬಟಾಟಾ’ ಕೂಡ ಪೋರ್ಚುಗೀಸರು ತಂದದ್ದೇ. ಅವರಿಗೂ ಅದು ಸ್ವಂತ ಪದವಲ್ಲ. ಕೆರಿಬಿಯನ್ ದ್ವೀಪಗಳ ತೈನೋ ಜನ ಸಿಹಿಗೆಣಸಿಗೆ ಹೇಳುತ್ತಿದ್ದ ಹೆಸರು. ಅಲ್ಲಿಂದ ಸ್ಪೇನ್, ಪೋರ್ಚುಗಲ್ ಸುತ್ತಿ ಗೋವಾಕ್ಕೆ ಬಂದು ಆಲೂಗಡ್ಡೆಗೆ ಅಂಟಿಕೊಂಡಿತು. ನಮ್ಮ ಕರಾವಳಿಯಲ್ಲಿ ಇಂದಿಗೂ ‘ಬಟಾಟೆ’ ಎನ್ನುತ್ತಾರಲ್ಲ, ಅದೇ.

ಜೊತೆಗೆ ಕೊಡುವ ಮೆಣಸಿನಕಾಯಿಯೂ ಅಮೆರಿಕ ಖಂಡದ್ದು. ಅದು ಬಂದಾಗ ಇಲ್ಲಿ ಅದಕ್ಕೆ ಹೆಸರಿರಲಿಲ್ಲ. ಖಾರಕ್ಕೆ ನಮಗೆ ಗೊತ್ತಿದ್ದದ್ದು ಮೆಣಸು, ಹಾಗಾಗಿ ಇದು ಮೆಣಸಿನ ಕಾಯಿ. ಮರಾಠಿಯವರಿಗೆ ಗೊತ್ತಿದ್ದದ್ದು ‘ಮಿರೀ’, ಅವರಿಗೆ ಇದು ‘ಮಿರಚೀ’. ಎರಡು ಭಾಷೆ ಬೇರೆ ಬೇರೆಯಾಗಿ ಯೋಚಿಸಿ ಒಂದೇ ಕೆಲಸ ಮಾಡಿವೆ. ಹೊಸದು ಹೆಸರನ್ನು ಕಿತ್ತುಕೊಂಡ ಮೇಲೆ ಹಳೆಯ ಮೆಣಸಿಗೆ ಗುರುತು ಹೇಳಲು ಇನ್ನೊಂದು ಪದ ಸೇರಿಸಬೇಕಾಯಿತು. ಕಾಳುಮೆಣಸು, ಕರಿಮೆಣಸು. ನಮ್ಮ ಕಡೆ ‘ಒಳ್ಳೆಮೆಣಸು’ ಎನ್ನುತ್ತಾರೆ. ಹೊಸಬ ಬಂದ ಮೇಲೆ ಹಳಬನಿಗೆ ‘ಒಳ್ಳೆಯವನು’ ಎಂದು ಸೇರಿಸಿದ ನಮ್ಮ ಹಿರಿಯರ ಮನಸ್ಸು ನೋಡಿ.

ಚೆಂಬೂರು ತುಳುವ:

ತುಳುವಿನಲ್ಲಿ ‘ಎಡ್ಡೆ ಮುಂಚಿ’ ಅಣ್ಣ. ಎಡ್ಡೆ ಅಂದರೆ ಒಳ್ಳೆಯ. ಮಲಯಾಳದಲ್ಲೂ ‘ನಲ್ಲ ಮುಳಕು’, ಅಲ್ಲೂ ನಲ್ಲ ಅಂದರೆ ಒಳ್ಳೆಯ. ಕರಾವಳಿ ಉದ್ದಕ್ಕೂ ಎಲ್ಲರೂ ಕಾಳುಮೆಣಸಿನ ಪಕ್ಷವೇ!

ಮಾಟುಂಗಾ ಹಳಬ:

ಹೌದಲ್ಲಾ, ಬಹಳ ಸಂತೋಷ. ಇನ್ನೊಂದು ಬಿಟ್ಟಿದ್ದೆ. ಹೋಟೆಲ್ ಹುಡುಗರು ತಿಂಗಳ ಕೊನೆಗೆ ಕಾಯುವ ‘ಪಗಾರ’ ಕೂಡ ಪೋರ್ಚುಗೀಸ್. ಅಲ್ಲಿ ‘ಪಗಾರ್’ ಅಂದರೆ ಹಣ ಕೊಡು ಎಂಬ ಕ್ರಿಯಾಪದ. ಬಾಲ್ದಿ, ಪೀಪಾಯಿ, ಚಾವಿ, ತುವಾಲು ಎಲ್ಲ ಅದೇ ಹಡಗಿನವು. ಹುಬ್ಬಳ್ಳಿ ಕಡೆಯವರು ಹೇಳುವ ‘ಲಿಲಾವು’ ಕೂಡ.

ಠಾಣೆ ಹೊಸಬಳು:

ಮಾಮಾ, ಹಾಗಾದರೆ ‘ಬಾಂಬೆ’ ಕೂಡ ಪೋರ್ಚುಗೀಸಾ? ‘ಬೊಮ್ ಬಾಹಿಯಾ’, ಒಳ್ಳೆಯ ಕೊಲ್ಲಿ ಎಂದು ಎಲ್ಲೆಲ್ಲೂ ಓದುತ್ತೇನೆ.

ಮಾಟುಂಗಾ ಹಳಬ:

ಕೇಳಲು ಚಂದ ಮಗಳೇ, ಆದರೆ ವ್ಯಾಕರಣವೇ ಒಪ್ಪುವುದಿಲ್ಲ. ಪೋರ್ಚುಗೀಸಿನಲ್ಲಿ ಕೊಲ್ಲಿ ಸ್ತ್ರೀಲಿಂಗ. ‘ಒಳ್ಳೆಯ’ ಎನ್ನಲು ‘ಬೋವಾ’ ಬರಬೇಕು, ‘ಬೊಮ್’ ಬರುವುದಿಲ್ಲ. ತಮ್ಮ ಭಾಷೆಯ ಲಿಂಗವನ್ನೇ ತಪ್ಪಿ ಯಾರು ಊರಿಗೆ ಹೆಸರಿಡುತ್ತಾರೆ? ಅವರು ಕರೆಯುತ್ತಿದ್ದದ್ದು ‘ಬೊಂಬಾಯಿಂ’ ಎಂದು. ಮುಂಬಾದೇವಿಯ ಹೆಸರು ಅವರ ನಾಲಿಗೆಯಲ್ಲಿ ಹಾಗಾಯಿತು ಎಂದುಕೊಳ್ಳುವುದೇ ಸರಿ. 1995ರಲ್ಲಿ ಸರ್ಕಾರ ಮುಂಬಯಿ ಎಂದು ಬದಲಿಸಿದಾಗ ಕನ್ನಡ ಪತ್ರಿಕೆ ಓದುವವರಿಗೆ ಹೊಸದೇನೂ ಅನಿಸಲಿಲ್ಲ.

ಊರ ಹೆಸರು ಬಂತು ಎಂದು ಹೇಳುವೆ. ಸೆಂಟ್ರಲ್ ಲೈನಿನ ಚಿಂಚಪೋಕಳಿ ಗೊತ್ತಲ್ಲ? ಚಿಂಚ್ ಅಂದರೆ ಹುಣಸೆ, ಪೋಫಳಿ ಅಂದರೆ ಅಡಕೆ ಮರ. ಗಿರಣಿಗಳು ಬರುವ ಮೊದಲು ಅಲ್ಲಿ ಏನಿತ್ತು ಎಂದು ಸ್ಟೇಷನ್ ಬೋರ್ಡೇ ಹೇಳುತ್ತದೆ. ತಾರದೇವ್‌ನಲ್ಲಿ ತಾಳೆ, ಉಮರಖಾಡಿಯಲ್ಲಿ ಅತ್ತಿ, ಭೇಂಡಿ ಬಜಾರಿನಲ್ಲಿ ಭೇಂಡಿ ಮರ.

ಠಾಣೆ ಹೊಸಬಳು:

ನಾನು ಗಮನಿಸಿದ ಒಂದು. ನಾವು ‘ಚಹಾ-ಗಿಹಾ, ನೀರು-ಗೀರು’ ಎನ್ನುತ್ತೇವೆ. ಮರಾಠಿಯವರು ‘ಚಹಾ-ಬಿಹಾ, ಪಾಣೀ-ಬಿಣೀ’. ಹಿಂದಿಯವರು ‘ಚಾಯ್-ವಾಯ್’. ನಮಗೆ ಗಿ, ಅವರಿಗೆ ಬಿ, ಇವರಿಗೆ ವ. ಆಫೀಸಲ್ಲಿ ಯಾರಾದರೂ ಹಿಂದಿ ಮಾತಾಡುತ್ತಾ ‘ಚಾಯ್-ಬಿಯ್’ ಅಂದರೆ ಸಾಕು, ಮನೆಮಾತು ಯಾವುದೆಂದು ಹೇಳಬಲ್ಲೆ. ‘ಗಿ’ಯಿಂದಲೇ ಶುರುವಾಗುವ ಪದಕ್ಕೆ ಏನು ಮಾಡುತ್ತೇವೆ? ‘ಗಿಡ-ಗಿಡ’ ಎನ್ನಲಾಗುವುದಿಲ್ಲ ಅಲ್ವಾ?

ವಿಜಯಪುರ–ಪಿಂಪ್ರಿ:

ಗಿಡಗಂಟಿ ಅಂತೀವಿ. ಅಲ್ಲಿ ಗಿ ಕೆಲಸ ಮಾಡುವುದಿಲ್ಲ, ಆದರೂ ಮಾತು ನಿಲ್ಲಲಿಲ್ಲ ನೋಡು. ತಮಿಳರಿಗೂ ನಮ್ಮ ಹಾಗೆ ‘ಕಿ’. ಅಕ್ಷರ ಬೇರೆ, ಅಭ್ಯಾಸ ಒಂದೇ.

ಕೊಥ್ರೂಡ್ ಟೀಚರ್:

ಇಷ್ಟು ಹೊತ್ತು ಓದುತ್ತಿದ್ದೆ. ಪುಣೆಯಲ್ಲಿ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎಣಿಕೆಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ!

ಮರಾಠಿಯಲ್ಲಿ 21 ‘ಏಕವೀಸ್’, ಅಂದರೆ ಮೊದಲು ಒಂದು, ಆಮೇಲೆ ಇಪ್ಪತ್ತು. ಬರೆಯುವಾಗ ಮಗು ಮೊದಲು 2 ಬರೆಯಬೇಕು, ಕಿವಿಗೆ ಮೊದಲು ಬೀಳುವುದು ಒಂದು. 93 ಅಂದರೆ ‘ತ್ರ್ಯಾಣ್ಣವ್’. ಆರೇಳು ವರ್ಷದ ಮಗುವಿನ ನಾಲಿಗೆಗೆ ಅದು ಎಷ್ಟು ಕಷ್ಟ ಎಂದು ದಿನಾ ನೋಡುತ್ತೇನೆ. ಅದಕ್ಕೇ 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ್ ಏಕ್’ ಎಂಬ ಹೊಸ ರೀತಿಯನ್ನೂ ಕೊಟ್ಟಿತು. ಇಂಗ್ಲಿಷಿನಲ್ಲೂ ದಕ್ಷಿಣದ ಭಾಷೆಗಳಲ್ಲೂ ಹೀಗೇ ಇದೆ, ಮಕ್ಕಳಿಗೆ ಸುಲಭ ಎಂಬುದು ಒಂದು ಕಾರಣವಾಗಿತ್ತು. ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವೇ ಆಯಿತು. ಭಾಷೆ ಕೆಡಿಸುತ್ತಿದ್ದಾರೆ ಎಂದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ನಾನು ಮಕ್ಕಳ ಪಕ್ಷ. ನಾವು ಇಪ್ಪತ್ತೊಂದು, ತೊಂಬತ್ತಮೂರು ಎನ್ನುತ್ತೇವೆ. ಹೇಳಿದ ಕ್ರಮದಲ್ಲೇ ಬರೆಯುತ್ತೇವೆ. ಇದು ಕನ್ನಡ ಮಕ್ಕಳಿಗೆ ಸಿಕ್ಕಿರುವ ದೊಡ್ಡ ಅನುಕೂಲ.

ಮರಾಠಿ ಎಣಿಕೆಯಲ್ಲಿ ಚಂದದ ಜಾಗವೂ ಇದೆ. 19 ‘ಏಕೋಣೀಸ್’. ಏಕ ಊನ ವೀಸ್, ಇಪ್ಪತ್ತಕ್ಕೆ ಒಂದು ಕಡಿಮೆ. 29, 39, 49 ಎಲ್ಲ ಹೀಗೇ, 89ರವರೆಗೆ. 99 ಬಂದಾಗ ಮಾತ್ರ ದಾರಿ ಬದಲಿಸಿ ‘ನವ್ಯಾಣ್ಣವ್’ ಎನ್ನುತ್ತಾರೆ.

ಡೊಂಬಿವಲಿ ಈಸ್ಟ್:

ಟೀಚರ್, ಒಂದು ಕಡಿಮೆ ಎನ್ನುವುದು ನಮ್ಮಲ್ಲೂ ಇದೆ! ‘ಒಂಬತ್ತು’ ಬಿಡಿಸಿ ನೋಡಿ. ಕೊನೆಯಲ್ಲಿ ‘ಪತ್ತು’ ಇದೆ, ಹಳಗನ್ನಡದ ಹತ್ತು. ಒಂಬತ್ತು ಎಂಬ ಪದದೊಳಗೆ ಹತ್ತು ಯಾಕೆ ಕೂತಿದೆ? ಹತ್ತಕ್ಕೆ ಒಂದು ಕಡಿಮೆ ಎಂಬುದೇ ಅದರ ಮೂಲ ಎಂದು ವಿದ್ವಾಂಸರು ವಿವರಿಸುತ್ತಾರೆ. ಎಂಟರವರೆಗೆ ಒಂದೊಂದಕ್ಕೂ ತನ್ನದೇ ಪದ, ಒಂಬತ್ತಕ್ಕೆ ಮಾತ್ರ ಪಕ್ಕದ ಮನೆಯ ಆಸರೆ.

ತಮಿಳಿನಲ್ಲಿ ಇದು ಇನ್ನೂ ಮುಂದೆ ಹೋಗುತ್ತದೆ. ತೊಂಬತ್ತಕ್ಕೆ ‘ತೊಣ್ಣೂರು’, ಒಳಗೆ ನೂರು ಇದೆ. ಒಂಬೈನೂರಕ್ಕೆ ‘ತೊಳ್ಳಾಯಿರಂ’, ಒಳಗೆ ಸಾವಿರ ಇದೆ. ಮುಂದಿನ ದೊಡ್ಡ ಮೆಟ್ಟಿಲನ್ನು ನೋಡಿಯೇ ಹೆಸರು ಇಟ್ಟಿದ್ದಾರೆ. ನಮ್ಮ ‘ಒಂಬೈನೂರು’ ಆ ದಾರಿ ಹಿಡಿಯಲಿಲ್ಲ.

ಕೊಥ್ರೂಡ್ ಟೀಚರ್:

ಅಕ್ಕ, ಇಷ್ಟು ವರ್ಷ ಒಂಬತ್ತು ಬರೆಸಿದ್ದೇನೆ, ಅದರೊಳಗೆ ಹತ್ತು ಇರುವುದನ್ನು ಯಾರೂ ಹೇಳಿರಲಿಲ್ಲ. ಸೋಮವಾರ ಬೋರ್ಡಿನ ಮೇಲೆ ಏಕೋಣೀಸ್ ಪಕ್ಕದಲ್ಲಿ ಒಂಬತ್ತು ಬರೆಯುತ್ತೇನೆ. ತರಗತಿಯಲ್ಲಿ ಮರಾಠಿ, ಕನ್ನಡ, ತೆಲುಗು ಮಕ್ಕಳೆಲ್ಲ ಇದ್ದಾರೆ. ತೆಲುಗಿನ ‘ತೊಮ್ಮಿದಿ’ಯನ್ನೂ ಅವರಿಂದಲೇ ಬರೆಸುವೆ.

ಡೊಂಬಿವಲಿ ಈಸ್ಟ್:

ಖಂಡಿತ ಬರೆಸಿ. ಪುಣೆಯಲ್ಲಿ ಉರ್ದು, ಸಿಂಧಿ ಮನೆಮಾತಿನ ಮಕ್ಕಳಿದ್ದರೆ ಅವರ ಎಣಿಕೆಯನ್ನೂ ಕೇಳಿ ಇಲ್ಲಿ ಹಾಕಿ. ಮಡಗಾಂವ್‌ನವರೇ, ಕೊಂಕಣಿಯಲ್ಲಿ 19, 29 ಹೇಗೆ ಹೇಳುತ್ತಾರೆ ಎಂದು ನಿಮ್ಮ ನೆರೆಯವರನ್ನು ಕೇಳಿ ತಿಳಿಸಿದರೆ ಎಲ್ಲ ಭಾಷೆಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಮಕ್ಕಳಿಗೆ ಹಂಚುತ್ತೇನೆ.